ಮಲೆನಾಡಿಗೆ ಬಂದ ವಿಟೆಕ್

ಆಷಾಢದ ಒಂದು ಬೆಳಿಗ್ಗೆ ಬಟ್ಟೆಮಲ್ಲಪ್ಪದ ಹತ್ತಿರ ಚಹಾಕ್ಕೆಂದು ನಿಲ್ಲಿಸಿದ ನನ್ನ ಹಳೆಯ ಹೋಂಡಾ ಸಿಟಿ ಮತ್ತೆ ಚಾಲೂ ಆಗಲಿಲ್ಲ. ಸ್ಟಾರ್ಟರ್ ತಿರುಗುತ್ತಿತ್ತು, ಬ್ಯಾಟರಿ ಗಟ್ಟಿಯಿತ್ತು, ಪೆಟ್ರೋಲೂ ಇತ್ತು. ಹಿಂದಿನ ರಾತ್ರಿಯಿಂದ ಮಳೆ ಮಾತ್ರ ಒಂದೇ ಸಮನೆ ಹೊಯ್ಯುತ್ತಿತ್ತು. ಹೊಸನಗರದಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿದವರೇ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗೆ ಬೆವರಿನಂತೆ ಕೂತಿದ್ದ ನೀರಿನ ಹನಿ ತೋರಿಸಿದರು. ಒಣಬಟ್ಟೆಯಲ್ಲಿ ಒರೆಸಿ ಮುಚ್ಚಳ ಕೂರಿಸಿದ ಮೇಲೆ ಮೊದಲ ತಿರುವಿಗೇ ಎಂಜಿನ್ ಹೊತ್ತಿಕೊಂಡಿತು.

“ಎಂಜಿನ್ ಕಲ್ಲಿದ್ದಾಂಗಿದೆ ಹೆಗಡೇರೇ. ನೀರು ಎಲ್ಲಿಂದ ಒಳಗೆ ಬರ್ತದೆ ಅಂತ ನೋಡ್ಕೊಳ್ಳಿ” ಅಂದರು. ಆ ಗಾಡಿಯ ಬಗ್ಗೆ ಆಮೇಲೆ ಕಲಿತದ್ದೆಲ್ಲ ಆ ಎರಡು ಮಾತಿನ ವಿಸ್ತರಣೆಯೇ.

ಜಪಾನಿನ ಹಳೆಯ ವೇಗದ ಕಾರುಗಳ ಹುಚ್ಚು ಇರುವವರಿಗೆ ಭಾರತದ ಕಾನೂನು ದೊಡ್ಡ ಗೋಡೆ. ಹೊರದೇಶದಲ್ಲಿ ಬಳಸಿದ ಕಾರನ್ನು ಇಲ್ಲಿಗೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಿಂದಲೇ ಒಳಬರಬೇಕು. ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ನ್ಯೂಜಿಲೆಂಡಿನವರು ಜಪಾನಿನ ಹರಾಜುಕಟ್ಟೆಯಿಂದ ತೊಂಬತ್ತರ ದಶಕದ ಸ್ಕೈಲೈನ್ ತರಿಸಿಕೊಂಡಂತೆ ಸಾಗರದವರು ತರಿಸಿಕೊಳ್ಳುವಂತಿಲ್ಲ. ನಮ್ಮ ಪಾಲಿಗೆ ಉಳಿಯುವುದು ಜಪಾನಿನ ಕಂಪನಿಗಳು ಇಲ್ಲಿಯೇ ಜೋಡಿಸಿದ ಗಾಡಿಗಳು.

ಅವುಗಳಲ್ಲಿ ಹೋಂಡಾ ಸಿಟಿ 1.5 ವಿಟೆಕ್‌ನ ಗತ್ತೇ ಬೇರೆ. ಈ ಸಿಟಿಯ ರೂಪ 1996ರಲ್ಲಿ ಮೊದಲು ಥಾಯ್ಲೆಂಡಿನಲ್ಲಿ ಹೊರಬಂತು. ಎರಡು ವರ್ಷದೊಳಗೆ ಗ್ರೇಟರ್ ನೋಯ್ಡಾದ ಕಾರ್ಖಾನೆಯಿಂದ ಭಾರತದ ಸಿಟಿ ಬಂತು. 2000ದಲ್ಲಿ ಅದಕ್ಕೆ 106 ಅಶ್ವಶಕ್ತಿಯ ವಿಟೆಕ್ ಎಂಜಿನ್ ಸೇರಿತು, 2003ರಲ್ಲಿ ಹೊಸ ಆಕಾರದ ಸಿಟಿ ಬಂದು ಇದರ ಕಾಲ ಮುಗಿಯಿತು. ಆಗಿನ ರಸ್ತೆಗೆ, ಅಷ್ಟು ಹಗುರ ಮೈಗೆ 106 ಅಶ್ವಶಕ್ತಿ ಸಣ್ಣ ಮಾತಲ್ಲ.

ವಿಟೆಕ್ ಅನ್ನುವುದು ಕವಾಟಗಳ ಜಾಣ್ಮೆ. ಹೋಂಡಾದ ಎಂಜಿನಿಯರ್ ಇಕುವೊ ಕಜಿತಾನಿ ಅವರ ತಂಡ ಅದನ್ನು 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಮೊದಲು ತಂದಿತು. ನಿಧಾನಕ್ಕೆ ಹೋಗುವಾಗ ಗಾಳಿ ಎಳೆಯುವ ಕವಾಟಗಳು ಕಡಿಮೆ ತೆರೆದುಕೊಳ್ಳುತ್ತವೆ. ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತುಗಳ ಆಸುಪಾಸಿಗೆ ಬಂದಾಗ ಆಯಿಲ್‌ನ ಒತ್ತಡ ಸಣ್ಣದೊಂದು ಪಿನ್ನನ್ನು ತಳ್ಳಿ ರಾಕರ್‌ಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ಎತ್ತರದ ಕ್ಯಾಮ್ ಕೆಲಸಕ್ಕಿಳಿದು ಕವಾಟಗಳು ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೊತ್ತು ತೆರೆಯುತ್ತವೆ. ಗಾಡಿಯ ದನಿ ಬದಲಾಗುವುದು ಆ ಕ್ಷಣದಲ್ಲೇ. ಇಷ್ಟೂ ಕೆಲಸ ಆಯಿಲ್‌ನ ಒತ್ತಡದ ಮೇಲೆ ನಿಂತಿದೆ. ಆಯಿಲ್ ಕಡಿಮೆಯಾದರೆ, ಕೊಳೆಯಾದರೆ, ದಾರಿಯಲ್ಲಿರುವ ಪುಟ್ಟ ಜಾಲರಿ ಕಟ್ಟಿಕೊಂಡರೆ ವಿಟೆಕ್ ಏಳುವುದೇ ಇಲ್ಲ. ನನ್ನ ಗಾಡಿಯಲ್ಲಿ ಒಮ್ಮೆ ಹೀಗೇ ಆಗಿ, ಎಂಜಿನ್ನೇ ಸವೆದಿದೆಯೆಂದು ಕಂಗಾಲಾಗಿದ್ದೆ. ಜಾಲರಿ ತೊಳೆದು ಹೊಸ ಆಯಿಲ್ ಹಾಕಿದಾಗ ಹಳೆಯ ದನಿ ಮರಳಿತು. ಅಂದಿನಿಂದ ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಾವಣೆ, ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು ತಪ್ಪಿಲ್ಲ.

2016ರಲ್ಲಿ ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮೇಲೆ ಇಂಥದೊಂದು ಸಿಟಿಯ ಹುಡುಕಾಟ ಶುರುವಾಗಿತ್ತು. ಮೊದಲು ನೋಡಿದ್ದು ಕರಾವಳಿಯ ಗಾಡಿ. ಬಣ್ಣ ಕನ್ನಡಿಯಂತಿತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ತೆಗೆದರೆ, ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯಿತು. ಉಪ್ಪಿನ ಗಾಳಿ ಒಳಗಿನಿಂದ ತಿಂದಿತ್ತು. ಹಿಂಚಕ್ರದ ಕಮಾನು, ಬಾಗಿಲ ತಳದ ಅಂಚು, ಹಿಂದಿನ ದೀಪದ ರಬ್ಬರ್, ಡಿಕ್ಕಿಯ ತಳ: ಈ ನಾಲ್ಕನ್ನು ನೋಡದೆ ಹಳೆಯ ಸಿಟಿಗೆ ಮುಂಗಡ ಕೊಡಬಾರದು. ಎಂಜಿನ್ನಿಗೆ ಭಾಗ ಸಿಗುತ್ತದೆ. ತುಕ್ಕು ಹಿಡಿದ ಮೈಗೆ ಟಿಂಕರಿಂಗ್ ಮಾಡಿಸಿದಷ್ಟೂ ಮಲೆನಾಡಿನ ಮಳೆ ಮತ್ತೆ ಮತ್ತೆ ಬಿಚ್ಚುತ್ತದೆ. ಕೊನೆಗೆ ಕೊಂಡದ್ದು ಬಯಲುಸೀಮೆಯ ಗಾಡಿ, 2002ರದ್ದು, ಒಂದೂಕಾಲು ಲಕ್ಷಕ್ಕೆ. ಬಣ್ಣ ಮಾಸಿತ್ತು, ತಗಡು ಗಟ್ಟಿಯಿತ್ತು.

ಟೈಮಿಂಗ್ ಬೆಲ್ಟ್ ಬದಲಿಸಿದೆ ಎಂದು ಮಾರಿದವರು ಹೇಳಿದರು, ಬಿಲ್ಲು ಇರಲಿಲ್ಲ. ಸಾಗರಕ್ಕೆ ತಂದು ಮೇಲಿನ ಕವಚ ಬಿಚ್ಚಿದಾಗ ಬೆಲ್ಟಿನ ಬೆನ್ನ ತುಂಬ ಬಿರುಕು. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಬಂದು ಕವಾಟಕ್ಕೆ ಬಡಿಯುತ್ತದೆ. ಆಗ ಇಡೀ ಹೆಡ್ ಇಳಿಸಬೇಕು. ಬೆಲ್ಟ್, ಟೆನ್ಷನರ್, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿದೆ. ಬಿಲ್ಲಿಲ್ಲದ ಕೆಲಸ ಆಗಿಲ್ಲ ಎಂದೇ ಲೆಕ್ಕ.

ಅತಿ ಹೆಚ್ಚು ದುಡ್ಡು ವ್ಯರ್ಥವಾದದ್ದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ತೀರ್ಥಹಳ್ಳಿಯಲ್ಲಿ ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಗಾಡಿ ಹೊತ್ತಿಕೊಳ್ಳಲಿಲ್ಲ. ಕಿಟಕಿ ತೆರೆದಿಟ್ಟು ಒಂದು ತಾಸು ಕಾದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮೂರು ಸಲ ಹೀಗಾದ ಮೇಲೆ ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಬದಲಾಯಿತು, ಫಿಲ್ಟರ್ ಬದಲಾಯಿತು. ರೋಗ ಹಾಗೇ ಉಳಿಯಿತು. ಆ ಕಾಲದ ಹೋಂಡಾಗಳ ಹಳೆಯ ಕಾಯಿಲೆ ಅದು. ಡ್ಯಾಶ್‌ಬೋರ್ಡಿನ ಅಡಿಯ ಮೇನ್ ರಿಲೇಯಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದಿರುತ್ತದೆ. ಕಾರಿನೊಳಗೆ ಕಾವೇರಿದಾಗ ಬಿರುಕು ಬಾಯಿಬಿಟ್ಟು ಪಂಪಿಗೆ ಕರೆಂಟು ಹೋಗುವುದಿಲ್ಲ. ಅದನ್ನು ಸರಿಮಾಡಿದವರು ಸಾಗರದಲ್ಲಿ ಟಿವಿ ರಿಪೇರಿ ಮಾಡುವವರು, ಹತ್ತು ನಿಮಿಷದ ಬೆಸುಗೆಯಲ್ಲಿ. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಝುಂಯ್’ ಎಂದು ಪಂಪಿನ ಸದ್ದು ಕೇಳಬೇಕು. ಆ ಸದ್ದಿಗೆ ಮೊದಲೇ ಕಿವಿಗೊಟ್ಟಿದ್ದರೆ, ಪಂಪು ಬದಲಿಸುವ ಮುನ್ನ ಅದಕ್ಕೆ ಕರೆಂಟು ಬರುತ್ತಿದೆಯೇ ಎಂದು ನೋಡುತ್ತಿದ್ದೆವು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎರಡೂ ಬೇಕು. ಸವೆಯುವ ವಸ್ತುಗಳನ್ನು, ಅಂದರೆ ರಬ್ಬರ್, ಬೆಲ್ಟ್, ಬುಷ್, ಬ್ರೇಕ್‌ಗಳನ್ನು ಹೊಸದೇ ತರಬೇಕು. ಸವೆಯದ ದೀಪ, ಬಾಗಿಲ ಹಿಡಿ, ಗಾಜು ಗುಜರಿಯದಾದರೂ ನಡೆಯುತ್ತದೆ. ಡಿಸ್ಟ್ರಿಬ್ಯೂಟರಿಗೆ ಹೊಸ ಮುಚ್ಚಳ, ರೋಟರ್, ಬುಡದ ಓ-ರಿಂಗ್, ಪ್ಲಗ್ ವೈರ್ ಹಾಕಿಸಿದ ಮೇಲೆ ನೀರಿನ ಕಾಟ ನಿಂತಿತು. ಮೊದಲ ಎರಡು ವರ್ಷದ ರಿಪೇರಿಯೇ ಒಂದು ಲಕ್ಷದ ಹತ್ತಿರ ಬಂತು. ಕೊಳ್ಳುವ ಬೆಲೆಯಷ್ಟೇ ಹಣ ಬದಿಗಿಡಲಾಗದಿದ್ದರೆ ಇಂಥ ಗಾಡಿಗೆ ಕೈಹಾಕದಿರುವುದು ಕ್ಷೇಮ.

ಕಾಗದಪತ್ರಕ್ಕೂ ಅಷ್ಟೇ ಎಚ್ಚರ ಬೇಕು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಹಳೆಯ ಸಿಟಿಗಳು ಅಗ್ಗಕ್ಕೆ ಕಣ್ಣಿಗೆ ಬೀಳುತ್ತವೆ. ಎನ್‌ಒಸಿ ತಂದು, ಕರ್ನಾಟಕದ ಆಜೀವ ತೆರಿಗೆ ಕಟ್ಟಿ, ಕೆಎ-15 ನಂಬರಿಗೆ ಬದಲಿಸುವಷ್ಟರಲ್ಲಿ ಆ ಅಗ್ಗ ಕರಗುತ್ತದೆ. ಹದಿನೈದು ವರ್ಷದ ನಂತರ ಪ್ರತಿ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಕಾರಿಗೆ ಮೊದಲು 600 ರೂಪಾಯಿ ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿತು. ನನ್ನ ಗಾಡಿಯ ಮುಂದಿನ ಸರದಿ 2027ರಲ್ಲಿ.

ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. 2002ರ ಪೈಪುಗಳನ್ನೆಲ್ಲ ತೆಗೆಸಿ ಎಥನಾಲ್ ತಡೆಯುವಂಥವನ್ನು ಹಾಕಿಸಿದ್ದಾಗಿದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಯೇ ಇರುತ್ತದೆ, ಖಾಲಿ ಜಾಗದ ತೇವದ ಗಾಳಿ ಒಳಗೆ ಉಳಿಯದಂತೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಇಲಿಗಳು ಒಮ್ಮೆ ವೈರಿಂಗ್ ಕಡಿದು ಹಾಕಿದ್ದವು. ಅಂದಿನಿಂದ ರಾತ್ರಿ ಬಾನೆಟ್ ತೆರೆದೇ ಇಡುತ್ತೇವೆ. ತೆರೆದ, ಬೆಚ್ಚಗಿರದ ಜಾಗದಲ್ಲಿ ಇಲಿ ಗೂಡು ಕಟ್ಟುವುದು ಕಡಿಮೆ.

ಕಳೆದ ಮಳೆಗಾಲದಲ್ಲಿ ತಂಗಿಯ ಮನೆಗೆಂದು ರಿಪ್ಪನ್‌ಪೇಟೆ, ಹುಂಚದ ಮೇಲೆ ತೀರ್ಥಹಳ್ಳಿಗೆ ಹೋಗಿ, ಮರುದಿನ ಹೊಸನಗರದ ದಾರಿಯಲ್ಲಿ ವಾಪಸಾದೆ. ಎರಡು ದಿನವೂ ವೈಪರ್ ನಿಲ್ಲಲಿಲ್ಲ. ಬಟ್ಟೆಮಲ್ಲಪ್ಪದಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ ಚಹಾ ಕುಡಿದು ಬಂದು ಕೀ ತಿರುಗಿಸಿದೆ. ಹಿಂದಿನಿಂದ ಪಂಪು ಎರಡು ಸೆಕೆಂಡ್ ಝುಂಯ್‌ಗುಟ್ಟಿತು.