‘ಗಾಜಿಗೆ ಗ್ಯಾರಂಟಿ ಇಲ್ಲ’ ಎಂದರೆ ಸುಮ್ಮನಾಗಬೇಕಿಲ್ಲ

ಬಚ್ಚಲಮನೆಯಲ್ಲಿ ಶವರ್ ಜಾಗಕ್ಕೆ ಹಾಕಿಸಿದ ಗಾಜಿನ ಪಾರ್ಟಿಷನ್ ಒಡೆಯಿತೆಂದು ಫೋನ್ ಮಾಡಿದರೆ ಅಂಗಡಿಯಿಂದ ಬರುವ ಉತ್ತರ ಬಹುತೇಕ ಒಂದೇ: ‘ಗಾಜಿಗೆ ಗ್ಯಾರಂಟಿ ಇರಲ್ಲ ಸಾರ್.’ ಬಾಗಿಲು ಜೋತುಬಿದ್ದು ನೀರು ಹೊರಗೆ ಹರಿದರೆ ‘ನಿಮ್ಮ ಗೋಡೆಯೇ ಓರೆ’ ಎನ್ನುತ್ತಾರೆ. ಸಾವಿರಾರು ರೂಪಾಯಿ ಕೊಟ್ಟವರು ಅದೇ ಕೊನೆಯ ಮಾತೆಂದು ನಂಬಿ ಬಿಟ್ಟುಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಗಾಜು ಒಂದು ಸರಕು, ಅದನ್ನು ಅಳೆದು ಕೂರಿಸುವುದು ಒಂದು ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ದೋಷಕ್ಕೂ ಸೇವೆಯ ನ್ಯೂನತೆಗೂ ಮಾರಿದವರನ್ನು ಹೊಣೆ ಮಾಡುತ್ತದೆ.

ಹಕ್ಕಿನ ಮಾತಿಗೆ ಮೊದಲು ಈ ಗಾಜಿನ ಗುಣ ತಿಳಿದಿರಬೇಕು. ಶವರ್‌ಗೆ ಬಳಸಬೇಕಾದದ್ದು ಟಫನ್ಡ್ ಗಾಜು. ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ದಪ್ಪದ್ದು. ಸಾಧಾರಣ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ರಭಸದ ಗಾಳಿಯಿಂದ ತಟ್ಟನೆ ತಣಿಸಿದಾಗ ಅದಕ್ಕೆ ಈ ಗಟ್ಟಿತನ ಬರುತ್ತದೆ. ಒಡೆದರೂ ಉದ್ದುದ್ದ ಸೀಳುಗಳಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಹೀಗೆ ಹದಮಾಡಿದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಹಿಂಜ್ ಮತ್ತು ಹಿಡಿಕೆಯ ತೂತು, ಅಂಚಿನ ಪಾಲಿಶ್ ಎಲ್ಲವೂ ಕಾರ್ಖಾನೆಯಲ್ಲಿ ಮೊದಲೇ ಆಗಬೇಕು. ಅರ್ಧ ಇಂಚು ತಪ್ಪಿದರೆ ಇಡೀ ಗಾಜು ವ್ಯರ್ಥ. ಆ ನಷ್ಟ ಯಾರದೆಂಬುದೇ ಎಷ್ಟೋ ಜಗಳಗಳ ಮೂಲ.

ಆದ್ದರಿಂದ ಅಳತೆಯನ್ನು ನೀವು ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಟೈಲ್ಸ್ ಕೆಲಸ ಪೂರ್ತಿ ಮುಗಿದ ಮೇಲೆ ಅಂಗಡಿಯವರೇ ಬಂದು ಅಳೆಯಲಿ. ಗೋಡೆ ತೂಕಕ್ಕಿದೆಯೇ, ನೆಲದ ಇಳಿಜಾರು ಎತ್ತ ಎಂಬುದನ್ನೂ ನೋಡಿ, ಅಳತೆ ಚೀಟಿಗೆ ಸಹಿ ಹಾಕಲಿ. ಅಳೆದವರು ಅವರೇ ಎಂದಮೇಲೆ ‘ಗೋಡೆ ಓರೆ’ ಎಂಬ ಮಾತು ನಿಲ್ಲುವುದು ಕಷ್ಟ. ಓರೆಯನ್ನು ಗುರುತಿಸುವುದೂ ಅವರ ಕೆಲಸವೇ. ನೀವು ಕೊಟ್ಟ ಅಳತೆಯಂತೆ ಗಾಜು ಬಂದಿದ್ದರೆ ಮಾತ್ರ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಕೊಟೇಷನ್‌ನಲ್ಲಿ ‘ಗ್ಲಾಸ್ ಪಾರ್ಟಿಷನ್ ಒಂದು’ ಎಂದಷ್ಟೇ ಬರೆದರೆ ಸಾಲದು. ಟಫನ್ಡ್ ಎಂಬ ಮಾತು, ದಪ್ಪ, ತಯಾರಕರ ಹೆಸರು, ಹಿಂಜ್ ಯಾವ ಲೋಹದ್ದು, ಸಾಗಣೆ ಮತ್ತು ಫಿಟ್ಟಿಂಗ್‌ನಲ್ಲಿ ಒಡೆದರೆ ಯಾರ ಹೊಣೆ, ಫಿಟ್ಟಿಂಗ್‌ಗೆ ಎಷ್ಟು ದಿನದ ವಾರಂಟಿ ಎಲ್ಲವನ್ನೂ ಬರೆಸಿ. ಪೂರ್ತಿ ಹಣವನ್ನು ಮುಂಗಡ ಕೊಡಬೇಡಿ. ಸುರಕ್ಷತಾ ಗಾಜಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡವಿದೆ: ಐಎಸ್ 2553, ಭಾಗ 1. ಗಾಜಿನ ಮೂಲೆಯಲ್ಲಿ ಅಳಿಸಲಾಗದಂತೆ ಮೂಡಿಸಿದ ಐಎಸ್‌ಐ ಗುರುತನ್ನೂ ಪರವಾನಗಿ ಸಂಖ್ಯೆಯನ್ನೂ ಹುಡುಕಿ, ಆ ಸಂಖ್ಯೆ ನಿಜವೇ ಎಂದು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೋಡಬಹುದು. ಗುರುತಿಲ್ಲದ ಗಾಜನ್ನು ಕೂರಿಸುವ ಮೊದಲೇ ವಾಪಸ್ ಕಳಿಸಿ.

‘ಬಿಲ್ ಬೇಡ ಅಂದ್ರೆ ಕಮ್ಮಿಗೆ ಮಾಡಿಕೊಡ್ತೀವಿ’ ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ ಕೊಡದಿರುವುದೇ ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದರೂ ದೋಷವಿರುವ ಸರಕಿನ ಹೊಣೆಯಿಂದ ಜಾರಿಕೊಳ್ಳಲಾಗದು. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ, ದೋಷವಿರುವ ಸರಕನ್ನು 30 ದಿನದೊಳಗೆ ಹಿಂಪಡೆದು ಹಣ ಮರಳಿಸದಿರುವುದೂ ಅನುಚಿತ ಪದ್ಧತಿಯೇ.

ಇನ್ನು ಗಾಜು ತಾನಾಗಿ ಒಡೆಯುವ ವಿಷಯ. ಗ್ರಾಹಕರು ಹೆಚ್ಚು ಸೋಲುವುದು ಇಲ್ಲೇ. ‘ಯಾರೂ ಮುಟ್ಟಿರಲಿಲ್ಲ, ರಾತ್ರಿ ಢಂ ಅಂತು’ ಎಂದರೆ ಅಂಗಡಿಯವರು ನಂಬುವುದಿಲ್ಲ. ಆದರೆ ಅದು ಆಗುವಂಥದ್ದೇ. ತಯಾರಿಕೆಯಲ್ಲಿ ಒಳಗೆ ಉಳಿದ ನಿಕ್ಕಲ್ ಸಲ್ಫೈಡ್‌ನ ಸೂಕ್ಷ್ಮ ಕಣ ನಿಧಾನವಾಗಿ ಹಿಗ್ಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಗಾಜನ್ನು ಸಿಡಿಸಬಲ್ಲದು. ರಬ್ಬರ್ ತುಂಡು ಇಡದೆ ಅಂಚನ್ನು ನೇರ ಟೈಲ್ಸ್ ಮೇಲೆ ಕೂರಿಸಿದರೂ, ಹಿಂಜ್‌ನ ಸ್ಕ್ರೂ ಅತಿಯಾಗಿ ಬಿಗಿದರೂ ಒಡೆಯುತ್ತದೆ. ಮೊದಲನೆಯದು ತಯಾರಕರ ದೋಷ, ಉಳಿದವು ಫಿಟ್ಟಿಂಗ್ ಮಾಡಿದವರವು. ಇದನ್ನು ತೋರಿಸಬೇಕಾದವರು ದೂರು ಕೊಡುವ ನೀವೇ. ಹಾಗಾಗಿ ಮಕ್ಕಳನ್ನು ದೂರವಿಟ್ಟು, ಗುಡಿಸುವ ಮೊದಲು ಫೋಟೊ, ವಿಡಿಯೊ ತೆಗೆಯಿರಿ. ಚೌಕಟ್ಟಿನಲ್ಲಿ ಉಳಿದ ಭಾಗ, ಹಿಂಜ್, ಗುರುತಿರುವ ಮೂಲೆ, ಒಡಕು ಶುರುವಾದ ಕಡೆಯ ಚೂರುಗಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಚಿಟ್ಟೆಯ ರೆಕ್ಕೆಯಂತೆ ಜೋಡಿಯಾಗಿರುವ ಎರಡು ದೊಡ್ಡ ಚೂರು ಸಿಕ್ಕರೆ ಜೋಪಾನ ಮಾಡಿ. ಒಳಗಿನ ಕಣದಿಂದ ಒಡೆದದ್ದನ್ನು ಗುರುತಿಸಲು ಪರಿಣತರಿಗೆ ಅದು ನೆರವಾಗುತ್ತದೆ. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದಿದ್ದರೆ, ದೂರು ಆಲಿಸುವ ಗ್ರಾಹಕ ಆಯೋಗವೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಚೂರು ಕಸದ ಗಾಡಿಗೆ ಹೋಗಿದ್ದರೆ ಕಳಿಸುವುದೇನನ್ನು?

ಯಾರಿಗಾದರೂ ಗಾಯವಾಗಿದ್ದರೆ ಆಸ್ಪತ್ರೆಯ ಚೀಟಿ, ಬಿಲ್ಲುಗಳೂ ಬೇಕು. ಇದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದ ಪ್ರಕಾರ ತಯಾರಕರು, ಮಾರಿದವರು, ಸೇವೆ ಕೊಟ್ಟವರು ಮೂವರ ಮೇಲೂ ಪರಿಹಾರ ಕೇಳಬಹುದು.

ಮೊದಲು ಬರಹದಲ್ಲಿ ದೂರು ಕೊಟ್ಟು, 15 ದಿನದ ಗಡುವು ಹೇಳಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಅಂಗಡಿ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. ಎದುರು ಪಕ್ಷ ಉತ್ತರಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಹಿಡಿಯುವುದುಂಟು, ತಾಳ್ಮೆ ಬೇಕು. ಲಾಡ್ಜ್, ಪಿಜಿಯಂಥ ವ್ಯಾಪಾರಕ್ಕೆ ಹಾಕಿಸಿದವರು ಮಾತ್ರ, ಸ್ವಂತ ದುಡಿಮೆಯ ಜೀವನೋಪಾಯಕ್ಕಲ್ಲದಿದ್ದರೆ, ಈ ಕಾಯ್ದೆಯಲ್ಲಿ ಗ್ರಾಹಕರಲ್ಲ.

ಹೊಸ ಫ್ಲ್ಯಾಟಿನಲ್ಲಿ ಬಿಲ್ಡರ್ ಅವರೇ ಗಾಜು ಹಾಕಿಸಿದ್ದರೆ ದಾರಿ ಬೇರೆಯೂ ಇದೆ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಅವರು 30 ದಿನದಲ್ಲಿ ಹಣ ಕೇಳದೆ ಸರಿಪಡಿಸಬೇಕು. ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಹಾಕಿಸುವುದಾದರೆ ಮಾಲೀಕರಿಂದ ಒಪ್ಪಿಗೆ ಬರೆಸಿಕೊಳ್ಳಲಿ. ಖಾಲಿ ಮಾಡುವಾಗ ಬಿಚ್ಚಿ ಒಯ್ಯಬಹುದೇ, ಟೈಲ್ಸ್‌ನ ತೂತು ಯಾರು ಮುಚ್ಚಿಸಬೇಕು ಎಂಬುದೂ ಅದರಲ್ಲಿರಲಿ.

ಗ್ರಾಹಕರ ದೂರಿಗೆ ಗಡುವು ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ‘ಮುಂದಿನ ವಾರ ಬರ್ತೀವಿ’ ಎಂಬ ಫೋನ್ ಮಾತಿನಿಂದ ಆ ಎರಡು ವರ್ಷ ಉದ್ದವಾಗುವುದಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಒಡೆದ ಗಾಜಿದ್ದರೆ ಇವತ್ತೇ ಬಿಲ್ ತೆಗೆದು ದಿನಾಂಕ ನೋಡಿ, ದೂರು ಬರೆಯಿರಿ.