ಟಕ್ ಅಂದರೆ ತಿಂಡಿ: ಕ್ಲಿಕ್ಕರ್ ಹಿಡಿದು ನಾಯಿಗೆ ಕಲಿಸುವ ಸೂತ್ರಗಳು

ನೀರಿನಲ್ಲಿರುವ ಡಾಲ್ಫಿನ್‌ಗೆ ಸರಪಳಿ ಬಿಗಿದು ಎಳೆಯಲು ಬರುವುದಿಲ್ಲ. ಗದರಿದರೆ ಅದು ಕೊಳದ ಆಚೆ ತುದಿಗೆ ಈಜಿ ಹೋಗಿಬಿಡುತ್ತದೆ. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕರೆನ್ ಪ್ರಯರ್ ಅವರ ಬಳಿ ಇದ್ದದ್ದು ಒಂದು ಸೀಟಿ ಮತ್ತು ಬಕೆಟ್ಟಿನಲ್ಲಿ ಮೀನು. ಸರಿಯಾಗಿ ಜಿಗಿದ ಕ್ಷಣ ಸೀಟಿ, ಆಮೇಲೆ ಮೀನು. ಮುಂದೆ ಇದೇ ವಿಧಾನವನ್ನು ನಾಯಿ ಸಾಕುವವರ ಮನೆಮನೆಗೆ ಮುಟ್ಟಿಸಿದವರಲ್ಲಿ ಅವರೇ ಪ್ರಮುಖರು. ಅದಕ್ಕೂ ಮೊದಲು, 1951ರಲ್ಲೇ, ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಮಕ್ಕಳ ಟಿಕ್‌ಟಿಕ್ ಆಟಿಕೆಯಿಂದ ನಾಯಿಗೆ ಕಲಿಸಬಹುದೆಂದು ಬರೆದಿದ್ದರು. ಡಾಲ್ಫಿನ್ ಮೇಲೆ ಬಲ ನಡೆಯದು, ಹಾಗಾಗಿ ಪ್ರಯರ್ ಬುದ್ಧಿ ಓಡಿಸಿದರು. ನಾಯಿಯ ಮೇಲೆ ನಮ್ಮ ಬಲ ನಡೆಯುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಪಾಠ ಏಟಿನಿಂದ ಶುರುವಾಗುತ್ತದೆ. ಏಟು ಬೇಕಿಲ್ಲ. ಕೆಳಗಿನ ಸೂತ್ರಗಳನ್ನು ಹಿಡಿದರೆ ಸಾಕು.

1. ಮೊದಲು ನಿಮ್ಮ ಬೆರಳು ಪಳಗಲಿ

ಕ್ಲಿಕ್ಕರ್ ಎಂದರೆ ಅಂಗೈಯಲ್ಲಿ ಹಿಡಿಸುವ, ಒತ್ತಿದರೆ ‘ಟಕ್’ ಎನ್ನುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರ ಕೆಲಸ ಒಂದೇ: ‘ನೀನು ಈಗ ಮಾಡಿದೆಯಲ್ಲ, ಅದೇ ಸರಿ’ ಎಂದು ಆ ಕ್ಷಣಕ್ಕೆ ಗುರುತು ಹಾಕುವುದು. ನಾಯಿ ಕೂತ ಮೇಲೆ ನೀವು ಜೇಬು ತಡಕಿ ತಿಂಡಿ ತೆಗೆಯುವಷ್ಟರಲ್ಲಿ ಅದು ಎದ್ದು ನಿಂತು ಬಾಲ ಅಲ್ಲಾಡಿಸುತ್ತಿರುತ್ತದೆ. ತಿಂಡಿ ಸಿಕ್ಕಿದ್ದು ಎದ್ದಿದ್ದಕ್ಕೆ ಎಂದೇ ಅದರ ಲೆಕ್ಕ. ಆ ಅಂತರವನ್ನು ತುಂಬುವುದೇ ಟಕ್. ಒಂದು ಸೆಕೆಂಡ್ ತಡವಾದರೂ ಬೇರೆಯದೇ ಪಾಠ ಕಲಿಸಿದಂತಾಗುತ್ತದೆ. ಆದ್ದರಿಂದ ನಾಯಿ ಇಲ್ಲದ ಕೋಣೆಯಲ್ಲಿ ಅಭ್ಯಾಸ ಮಾಡಿ. ಮನೆಯವರು ಚೆಂಡು ಪುಟಿಸಲಿ. ಅದು ನೆಲ ಮುಟ್ಟಿದ ಕ್ಷಣಕ್ಕೇ ನೀವು ಒತ್ತಬೇಕು. ಕಣ್ಣು, ಬೆರಳು ಎರಡೂ ಕೂಡಿ ಬಂದ ಮೇಲೆ ನಾಯಿಯನ್ನು ಕರೆಯಿರಿ.

2. ಶಬ್ದಕ್ಕೆ ಬೆಲೆ ತುಂಬಿ

ನಾಯಿಗೆ ಟಕ್ ಎಂಬುದು ಮೊದಲಿಗೆ ಬರೀ ಸದ್ದು. ಒತ್ತಿ, ಕೂಡಲೇ ಒಂದು ತುಣುಕು ಕೊಡಿ. ಹೀಗೆ ಹತ್ತು ಹದಿನೈದು ಸಲ. ಏನನ್ನೂ ಕೇಳಬೇಡಿ, ಹೇಳಬೇಡಿ. ಸದ್ದು ಕೇಳಿದೊಡನೆ ಕಿವಿ ನಿಮಿರಿಸಿ ನಿಮ್ಮ ಕೈ ಕಡೆ ನೋಡಿತೋ, ಅರ್ಥವಾಯಿತು ಎಂದೇ ಲೆಕ್ಕ. ಬೆಚ್ಚಿಬೀಳುವ ನಾಯಿಯಾದರೆ ಕ್ಲಿಕ್ಕರನ್ನು ಕಾಲುಚೀಲದಲ್ಲಿ ಸುತ್ತಿ ಒತ್ತಿ, ಇಲ್ಲವೇ ಬಾಲ್‌ಪೆನ್ನಿನ ಗುಂಡಿ ಬಳಸಿ. ಕಿವಿಯ ಹತ್ತಿರ ಎಂದೂ ಒತ್ತಬೇಡಿ.

3. ಟಕ್ ಅಂದಿರೋ, ಕೊಡಲೇಬೇಕು

ಕೈತಪ್ಪಿ ಒತ್ತಿದರೂ ತಿಂಡಿ ಕೊಡಿ. ಇದು ನೀವು ನಾಯಿಗೆ ಕೊಟ್ಟ ಮಾತು. ನಾಯಿಯನ್ನು ಕರೆಯಲು, ಅದರ ಗಮನ ಸೆಳೆಯಲು ಒತ್ತುವುದು ಬೇಡ. ಮಕ್ಕಳ ಕೈಗೆ ಆಟಕ್ಕೆ ಕೊಡುವುದಂತೂ ಬೇಡವೇ ಬೇಡ. ಸುಮ್ಮಸುಮ್ಮನೆ ಟಕ್‌ಟಕ್ ಅಂದರೆ ಒಂದೇ ದಿನದಲ್ಲಿ ಅದರ ಬೆಲೆ ಹೋಗುತ್ತದೆ.

4. ತಿಂಡಿ ಕಡಲೆಕಾಳಿನಷ್ಟಿರಲಿ

ಬಿಸ್ಕತ್ತು ಇಡಿಯಾಗಿ ಕೊಟ್ಟರೆ ನಾಯಿ ಅಗಿಯುವುದರಲ್ಲೇ ಪಾಠ ಮರೆಯುತ್ತದೆ, ನಾಲ್ಕು ಸಲಕ್ಕೆ ಹೊಟ್ಟೆಯೂ ತುಂಬುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಪನೀರ್, ಕ್ಯಾರೆಟ್, ಇವುಗಳಲ್ಲಿ ನಿಮ್ಮ ನಾಯಿಗೆ ಯಾವುದು ಪ್ರಾಣ ಎಂದು ಮೊದಲು ನೋಡಿಕೊಳ್ಳಿ. ಮನೆಯೊಳಗಿನ ಸುಲಭದ ಪಾಠಕ್ಕೆ ದಿನನಿತ್ಯದ ಒಣ ಆಹಾರದ ಕಾಳೇ ಸಾಕು. ಬೀದಿಯ ಗದ್ದಲದಲ್ಲಿ ಕೋಳಿಯೇ ಬೇಕಾಗುತ್ತದೆ. ಇಂಥ ತಿಂಡಿ ಇಡೀ ದಿನದ ಆಹಾರದ ಹತ್ತನೇ ಒಂದು ಭಾಗವನ್ನು ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಕೆಲವನ್ನು ಕಡ್ಡಾಯವಾಗಿ ದೂರವಿಡಿ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ತಿನಿಸು. ಇವೆಲ್ಲ ನಾಯಿಗೆ ವಿಷ. ಹಬ್ಬದ ದಿನ ಪ್ರೀತಿಯಿಂದ ಲಾಡು ಮುರಿದು ಹಾಕುವವರಿರುತ್ತಾರೆ. ಅದರೊಳಗಿನ ದ್ರಾಕ್ಷಿಯ ವಿಷಯ ಅವರಿಗೂ ತಿಳಿಸಿ ಹೇಳಿ.

5. ಕೂರಿಸಲು ಸೊಂಟ ಒತ್ತಬೇಡಿ

ತಿಂಡಿಯನ್ನು ಬೆರಳ ತುದಿಯಲ್ಲಿ ಹಿಡಿದು ನಾಯಿಯ ಮೂಗಿಗೆ ತಾಗಿಸುವಂತೆ ತನ್ನಿ. ಅಲ್ಲಿಂದ ನಿಧಾನವಾಗಿ ಅದರ ಹಣೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂಗು ಮೇಲಕ್ಕೆ ಹೋದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ನೆಲಕ್ಕೆ ತಾಗಿತೋ, ಟಕ್! ಆಮೇಲೆ ತಿಂಡಿ. ಕೈ ತೀರಾ ಮೇಲೆ ಹೋದರೆ ನಾಯಿ ಹಾರುತ್ತದೆ, ಕೆಳಗಿಳಿಸಿ. ಹಿಂದೆ ಹಿಂದೆ ಸರಿದರೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿಕೊಳ್ಳಿ. ಐದಾರು ಸಲ ಆದ ಮೇಲೆ ಬರಿಗೈಯಲ್ಲೇ ಅದೇ ಸನ್ನೆ ಮಾಡಿ, ತಿಂಡಿ ಇನ್ನೊಂದು ಕೈಯಿಂದ ಬರಲಿ. ಈ ಹಂತ ಬಿಟ್ಟರೆ ತಿಂಡಿ ಕಂಡರೆ ಮಾತ್ರ ಕೂರುವ ನಾಯಿ ತಯಾರಾಗುತ್ತದೆ. ‘ತಿಂಡಿ ಆಸೆಗೆ ಮಾಡುತ್ತೆ ಅಷ್ಟೇ’ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇರುತ್ತದೆ.

6. ಮಾತು ಆಮೇಲೆ

ನಾಯಿ ಸನ್ನೆಗೆ ತಪ್ಪದೆ ಕೂರುವವರೆಗೂ ಬಾಯಿ ಬಿಡಬೇಡಿ. ಆಮೇಲೆ ಸನ್ನೆಗೆ ಅರೆಗಳಿಗೆ ಮುಂಚೆ ‘ಕೂತ್ಕೊ’ ಅನ್ನಿ, ಒಂದೇ ಸಲ. ಅಪ್ಪ ‘ಸಿಟ್’, ಅಜ್ಜಿ ‘ಕೂರೋ ಮರಿ’, ಮಗಳು ‘ಸಿಟ್ ಡೌನ್’ ಅಂದರೆ ಪಾಪ, ಅದು ಯಾವುದನ್ನು ಹಿಡಿಯಬೇಕು? ಮನೆಮಂದಿ ಒಟ್ಟಿಗೆ ಕೂತು ಒಂದೊಂದು ಕೆಲಸಕ್ಕೆ ಒಂದೊಂದೇ ಮಾತು ಗೊತ್ತುಮಾಡಿ, ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ.

7. ಐದು ನಿಮಿಷ ಸಾಕು

ಮರಿಗಳಿಗೆ ಮೂರು ನಿಮಿಷವೂ ಆದೀತು. ದಿನಕ್ಕೆ ಎರಡು ಮೂರು ಸಲ, ಊಟಕ್ಕೆ ಮುಂಚೆ. ನಾಯಿಗೆ ಇನ್ನೂ ಬೇಕು ಅನಿಸುತ್ತಿರುವಾಗಲೇ ನಿಲ್ಲಿಸಿ. ನಿಮಗೆ ಸಿಟ್ಟು ಬಂದಿದ್ದರೆ ಆ ದಿನ ಕ್ಲಿಕ್ಕರ್ ಮುಟ್ಟಬೇಡಿ.

8. ಹಾರುವ ನಾಯಿಗೆ ಬೇರೆ ಕೆಲಸ ಕೊಡಿ

ಬಾಗಿಲ ಗಂಟೆ ಸದ್ದಾಯಿತು, ನೆಂಟರು ಬಂದರು, ನಾಯಿ ಅವರ ಎದೆಗೇ ಹಾರಿತು. ‘ಏಯ್, ಬೇಡ’ ಎಂದು ಕೂಗುತ್ತ ಕೈಯಿಂದ ತಳ್ಳಿದರೆ ಅದಕ್ಕೆ ಅದೂ ಆಟವೇ. ಹಾರಿದಾಗ ಎಲ್ಲರೂ ಮುಖ ತಿರುಗಿಸಿ ನಿಲ್ಲಲಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ಟಕ್, ತಿಂಡಿಯನ್ನು ಕೆಳಗೇ ಹಾಕಿ. ಕ್ರಮೇಣ ಗಂಟೆ ಕೇಳಿದರೆ ಚಾಪೆಯ ಮೇಲೆ ಹೋಗಿ ಕೂರುವುದನ್ನೂ ಕಲಿಸಬಹುದು. ಮನೆಯಲ್ಲಿ ಒಬ್ಬರೇ ಒಬ್ಬರು ‘ಪರವಾಗಿಲ್ಲ ಬಿಡಿ’ ಎಂದು ಮುದ್ದಿಸಿದರೂ ಈ ಪಾಠ ನಾಟುವುದಿಲ್ಲ.

9. ಜಾಗ ಬದಲಾದರೆ ಮತ್ತೆ ಒಂದನೇ ಕ್ಲಾಸು

ಹಾಲ್‌ನಲ್ಲಿ ಕಲಿತದ್ದು ಪಾರ್ಕಿನಲ್ಲಿ ಮರೆತಂತೆ ಕಾಣುತ್ತದೆ. ಅದನ್ನು ಮೊಂಡುತನವೆಂದು ಮನೆಯವರು ತಿಳಿಯುವುದರಿಂದ ಎಷ್ಟೋ ನಾಯಿಗಳು ಏಟು ತಿನ್ನುತ್ತವೆ, ಇದು ಅನ್ಯಾಯ. ಹೊಸ ಜಾಗ, ಹೊಸ ವಾಸನೆ ಎಂದರೆ ಅದಕ್ಕೆ ಹೊಸ ಪಾಠವೇ. ಹಾಲ್, ತಾರಸಿ, ಗೇಟಿನ ಒಳಗೆ, ಆಮೇಲೆ ಬೀದಿ, ಹೀಗೆ ಒಂದೊಂದೇ ಹೆಜ್ಜೆ ಮುಂದಿಡಿ. ಹತ್ತಕ್ಕೆ ಎಂಟು ಸಲ ಸರಿ ಬಂದರೆ ಮುಂದಕ್ಕೆ, ಇಲ್ಲವಾದರೆ ಒಂದು ಹೆಜ್ಜೆ ಹಿಂದಕ್ಕೆ. ತಳಿಯನ್ನೂ ಗಮನದಲ್ಲಿಡಿ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಓಡಿದರೆ ಅದರ ಕಿವಿಗೆ ನಿಮ್ಮ ಮಾತು ಬೀಳುವುದು ಕಷ್ಟ. ‘ಬಾ’ ಎಂದರೆ ಬರುವ ಪಾಠ ಗಟ್ಟಿಯಾಗುವವರೆಗೆ ಬಯಲಿನಲ್ಲಿ ಉದ್ದ ಹಗ್ಗ ಇರಲಿ. ಇನ್ನು ಬೀದಿಯಿಂದ ತಂದು ಸಾಕಿದ ನಾಯಿಗಳು ಕಲಿಯುವುದಿಲ್ಲ ಎನ್ನುವ ಮಾತಿಗೆ ಕಿವಿಗೊಡಬೇಡಿ. ಅವು ಸೊಗಸಾಗಿ ಕಲಿಯುತ್ತವೆ.

10. ಬಂದ ನಾಯಿಯನ್ನು ಬೈಯಬೇಡಿ

ಅರ್ಧ ಗಂಟೆ ಸತಾಯಿಸಿ ಬಂದರೂ ಸರಿ, ಬಂದಿದ್ದಕ್ಕೆ ಬಹುಮಾನ. ಸ್ನಾನ ಮಾಡಿಸಲು, ಕಟ್ಟಿಹಾಕಲು ‘ಬಾ’ ಎಂದು ಕರೆಯಬೇಡಿ, ನೀವೇ ಹೋಗಿ ಕರೆತನ್ನಿ.

11. ಕಲಿತ ಮೇಲೆ ಕ್ಲಿಕ್ಕರ್ ಬಿಡಿಸಿ

ಪಾಠ ಗಟ್ಟಿಯಾದರೆ ಟಕ್ ಬೇಕಿಲ್ಲ, ‘ಶಭಾಷ್’ ಸಾಕು. ತಿಂಡಿ ಪ್ರತಿ ಸಲ ಬೇಡ, ಆಗೊಮ್ಮೆ ಈಗೊಮ್ಮೆ ಕೊಡಿ. ಯಾವಾಗ ಸಿಕ್ಕೀತೆಂದು ತಿಳಿಯದ ನಾಯಿ ಇನ್ನೂ ಹುರುಪಿನಿಂದ ಮಾಡುತ್ತದೆ. ‘ಬಾ’ ಎಂಬುದಕ್ಕೆ ಮಾತ್ರ ಜಿಪುಣತನ ಬೇಡ.

12. ಡಾಕ್ಟರ ಮೇಜಿಗೂ ಈಗಲೇ ತಯಾರಿ ಮಾಡಿ

ನನ್ನ ದೃಷ್ಟಿಯಲ್ಲಿ ಕ್ಲಿಕ್ಕರ್‌ನ ದೊಡ್ಡ ಉಪಕಾರ ಇದೇ. ಪಂಜ ಮುಟ್ಟಿ, ಟಕ್, ತಿಂಡಿ. ಕೆಲವು ದಿನ ಬಿಟ್ಟು ಪಂಜ ಹಿಡಿದು, ಟಕ್, ತಿಂಡಿ. ಆಮೇಲೆ ಉಗುರು ಕತ್ತರಿ ತೋರಿಸಿ, ತಾಗಿಸಿ, ಕೊನೆಗೆ ಒಂದೇ ಒಂದು ಉಗುರು ಕತ್ತರಿಸಿ. ಕಿವಿ ಮಡಚಿ ನೋಡುವುದು, ತುಟಿ ಎತ್ತಿ ಹಲ್ಲು ನೋಡುವುದು, ಬಾಯಿಪಟ್ಟಿಯೊಳಗೆ ತಾನಾಗಿ ಮೂತಿ ತೂರಿಸುವುದು, ಎಲ್ಲವನ್ನೂ ಹೀಗೇ ಕಲಿಸಬಹುದು. ನಾಯಿ ಮುಖ ತಿರುಗಿಸಿದರೆ, ಪಂಜ ಎಳೆದುಕೊಂಡರೆ ಅಲ್ಲಿಗೇ ಬಿಡಿ. ನಾಳೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಗುರುಗುಟ್ಟುವ, ಕಚ್ಚಲು ಬರುವ ನಾಯಿಯಾದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಒಳಗೆಲ್ಲೋ ನೋವಿರಬಹುದು. ಲಸಿಕೆಯ ದಿನವಷ್ಟೇ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದರೆ ಸಾಲದು. ನಡುವೆ ಸುಮ್ಮನೆ ಒಮ್ಮೆ ಕರೆದುಕೊಂಡು ಹೋಗಿ, ತೂಕ ನೋಡುವ ಯಂತ್ರದ ಮೇಲೆ ನಿಲ್ಲಿಸಿ, ನಾಲ್ಕು ತುಣುಕು ಕೋಳಿ ಕೊಟ್ಟು ವಾಪಸು ಕರೆತನ್ನಿ.