ಸಂಧಿವಾತ ಮತ್ತು ದೇಹದ ದುರ್ಬಲತೆ

ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ಅನೇಕ ಕನ್ನಡ ಕುಟುಂಬಗಳ ದಿನಚರಿಯು ಲೋಕಲ್ ರೈಲಿಗೆ ಹೊಂದಿಕೊಂಡಿದೆ. ರುಮಟಾಯ್ಡ್ ಸಂಧಿವಾತವುಳ್ಳವರಿಗೆ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ದಿನೇ ದಿನೇ ದುಸ್ತರವಾದರೆ, ಅದನ್ನು ಕೇವಲ ಕೀಲುನೋವೆಂದಾಗಲೀ ವಯೋಧರ್ಮವೆಂದಾಗಲೀ ಉಪೇಕ್ಷಿಸಬಾರದು.

ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ದೀರ್ಘಕಾಲದ ಉರಿಯೂತದಿಂದ ಸ್ನಾಯುಗಳು ಕ್ಷಯಿಸುತ್ತವೆ. ನೋವಿನಿಂದ ಚಲನವಲನ ಕುಗ್ಗಿದಂತೆ ಅವು ಮತ್ತಷ್ಟು ಸೊರಗುತ್ತವೆ. ಆದುದರಿಂದ ನಡುವಯಸ್ಸಿನವರಲ್ಲಿಯೂ ದುರ್ಬಲತೆ ತಲೆದೋರಬಹುದು.

2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ದುರ್ಬಲತೆಯ ಐದು ಲಕ್ಷಣಗಳನ್ನು ನಿರೂಪಿಸಿದರು:

1. ತಾನಾಗಿಯೇ ತೂಕ ಇಳಿಯುವುದು
2. ಸದಾ ಬಳಲಿಕೆ
3. ಕೈಹಿಡಿತದ ಬಲ ಕುಂದುವುದು
4. ನಡಿಗೆ ನಿಧಾನವಾಗುವುದು
5. ಚಟುವಟಿಕೆ ಕಡಿಮೆಯಾಗುವುದು

ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ದುರ್ಬಲತೆ. ಒಂದೆರಡು ಇದ್ದರೆ ಅದರ ಪೂರ್ವಸ್ಥಿತಿ. ಆದರೆ ಬೆರಳುಗಳ ಊತದಿಂದಲೂ ಹಿಡಿತ ಸಡಿಲಗೊಳ್ಳುವುದರಿಂದ ವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು. ದುರ್ಬಲರು ಬಿದ್ದು ಮೂಳೆ ಮುರಿದುಕೊಳ್ಳುವ ಸಂಭವ ಹೆಚ್ಚು.

ರೋಗವನ್ನು ಔಷಧದಿಂದ ಹತೋಟಿಯಲ್ಲಿಡುವುದೇ ಮೊದಲ ಉಪಾಯ. ಬೇಳೆಕಾಳು, ಹಾಲು, ಮೊಟ್ಟೆಗಳಂತಹ ಪ್ರೋಟೀನುಯುಕ್ತ ಆಹಾರ ಮತ್ತು ತಜ್ಞರು ಸೂಚಿಸಿದ ವ್ಯಾಯಾಮ ಸ್ನಾಯುಬಲವನ್ನು ಕಾಪಾಡುತ್ತವೆ. ಸ್ಟೀರಾಯ್ಡ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸುವುದೂ ಥಟ್ಟನೆ ನಿಲ್ಲಿಸುವುದೂ ಅಪಾಯಕರ. ಸಕಾಲದಲ್ಲಿ ಗುರುತಿಸಿದರೆ ದುರ್ಬಲತೆಯನ್ನು ತಗ್ಗಿಸಲು ಸಾಧ್ಯವಿದೆ.